ಸೊನ್ನೆಯಿಂದ ಎಡಕ್ಕೆ

ಅಳೆದು ತೂಗಿ ಮಾತಾಡುವವರನ್ನು ಎಲ್ಲರೂ ನೋಡಿರುತ್ತಾರೆ. ನಮ್ಮ ಚಿಕ್ಕಪ್ಪ ಅಳೆದು ತೂಗಿ ಸ್ನಾನ ಮಾಡುವವರು. ಸೋಪು ವಾರಕ್ಕೆ ಎಷ್ಟು ಸವೆಯುತ್ತದೆ ಅಂತ ಅವರಿಗೆ ಗೊತ್ತಿತ್ತು. ಮನೆಗೆ ಬಂದ ಗ್ಯಾಸ್ ಸಿಲಿಂಡರು ತೂಕಕ್ಕೆ ಏರದೆ ಅಡುಗೆಮನೆ ಸೇರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನಾನು ಅತ್ತರೆ ಎತ್ತಿ ಅಂಗಡಿಯ ತಕ್ಕಡಿ ತಟ್ಟೆಯ ಮೇಲೆ ಕೂರಿಸಿ, "ನೋಡು, ಅತ್ತರೂ ಅಷ್ಟೇ ತೂಕ, ಅಳದಿದ್ರೂ ಅಷ್ಟೇ ತೂಕ. ಮತ್ಯಾಕೆ ಅಳ್ತೀಯಾ?" ಅನ್ನುತ್ತಿದ್ದರು.

ಅವರು ತಕ್ಕಡಿ ರಿಪೇರಿಯವರು. ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ಎಂಟಡಿ ಅಗಲದ ಅಂಗಡಿ. ಮೂವತ್ತೆಂಟು ವರ್ಷ ಅಲ್ಲಿ ಕೂತು ಮುಳ್ಳು ನೇರ ಮಾಡಿದರು, ಸ್ಪ್ರಿಂಗು ಬದಲಿಸಿದರು. ಸೊನ್ನೆಯನ್ನು ತಿರುಚಿ ಗಿರಾಕಿಗೆ ಮೋಸ ಮಾಡುವ ವ್ಯಾಪಾರಿಗಳನ್ನು ನಾಲ್ಕು ಜನರ ಎದುರು ಬೈದು ಬೆವರಿಳಿಸಿದರು. "ಕೈ ಸುಳ್ಳು ಹೇಳುತ್ತೆ, ಕಣ್ಣು ಸುಳ್ಳು ಹೇಳುತ್ತೆ, ಸೊನ್ನೆ ಸರಿಯಿದ್ರೆ ತಕ್ಕಡಿ ಸುಳ್ಳು ಹೇಳಲ್ಲ" ಅನ್ನುವುದು ಅವರ ಮಂತ್ರ. ಆಮೇಲೆ ಬ್ಯಾಟರಿ ಹಾಕುವ ಯಂತ್ರಗಳು ಬಂದವು. ಚಿಕ್ಕಪ್ಪನಿಗೆ ಅರವತ್ತು ತುಂಬಿದ ವರ್ಷ ಅಂಗಡಿಯ ಬಾಗಿಲು ಹಾಕಿ, ಅಲ್ಲಿದ್ದ ಒಂದೇ ಒಂದು ಮುಳ್ಳಿನ ತಕ್ಕಡಿಯನ್ನು ಮನೆಗೆ ಹೊತ್ತು ತಂದು ನಡುಮನೆಯ ಮೇಜಿನ ಮೇಲೆ ಇಟ್ಟರು. ಊಟದ ತಟ್ಟೆಗಿಂತ ದೊಡ್ಡ ಬಿಳಿ ಮುಖ, ನೂರು ಗ್ರಾಮಿಗೊಂದು ಗೀಟು, ಮೇಲೆ ಅಗಲವಾದ ತಗಡಿನ ತಟ್ಟೆ. ಚಿಕ್ಕಮ್ಮ ಗೊಣಗಿದರು, "ಇನ್ನು ನಾನು ಮೇಜಿನ ಮೇಲೆ ಏನಾದ್ರೂ ಇಟ್ರೆ ಇದು ಹೇಳಿಬಿಡುತ್ತೆ."

ಆ ತಕ್ಕಡಿ ಮನೆಗೆ ಬಂದ ತಿಂಗಳಿಗೇ ಚಿಕ್ಕಪ್ಪ ಕಾಡಿನ ಮಾತು ತೆಗೆದರು.

ಬಹಳ ಹಿಂದೆ, ಜೇನು, ಮರದ ಅಂಟು ಸಂಗ್ರಹಿಸುವ ಒಂದು ಡಿಪೋ ದಟ್ಟ ಕಾಡಿನೊಳಗೆ ಇತ್ತಂತೆ. ಅಲ್ಲಿನ ತಕ್ಕಡಿ ಕೆಟ್ಟಾಗ ಚಿಕ್ಕಪ್ಪ ಹೋಗಿ ರಿಪೇರಿ ಮಾಡಿ ಬಂದಿದ್ದರು. ಡಿಪೋ ಮುಚ್ಚಿ ಬಹಳ ಕಾಲವಾಗಿದೆ. ಒಂದು ಕಲ್ಲಿನ ಕೋಣೆ, ಪಕ್ಕದಲ್ಲಿ ಹಳ್ಳ, ಅಷ್ಟೇ ಉಳಿದಿರುವುದು. ಬಸ್ಸಿನಲ್ಲಿ ಒಂದು ದಿನ, ನಡೆದು ಎರಡು ದಿನ. ಅಲ್ಲಿ ಒಂದು ತಿಂಗಳು ಇದ್ದು ಬರುತ್ತೇನೆ ಅಂದರು. ನೆಲ ಕೊಟ್ಟಿದ್ದನ್ನು ತಿಂದು, ಹಳ್ಳ ಕೊಟ್ಟಿದ್ದನ್ನು ಕುಡಿದು.

"ಯಾಕೆ ಚಿಕ್ಕಪ್ಪ?" ಅಂದೆ.

"ಒಬ್ಬ ಮನುಷ್ಯನಿಗೆ ನಿಜವಾಗ್ಲೂ ಎಷ್ಟು ಬೇಕು ಅಂತ ಇಲ್ಲೀತನಕ ಯಾರೂ ತೂಗಿಲ್ಲ."

ಎಂಥ ಮಾತಿಗೂ ತಕ್ಕ ಉತ್ತರ ಇಟ್ಟುಕೊಂಡಿರುವ ಚಿಕ್ಕಮ್ಮ ಕೈಯಲ್ಲಿದ್ದ ಲೋಟವನ್ನು ಒರೆಸಿದ್ದನ್ನೇ ಒರೆಸುತ್ತಾ ನಿಂತಿದ್ದರು.

ತಯಾರಿ ಮೂರು ತಿಂಗಳು ನಡೆಯಿತು. ನಾನು ಅವರ ಅಣ್ಣನ ಮಗಳು, ಮಹಡಿಯ ಮೇಲೆ ವಾಸ, ಶಾಲೆಯಲ್ಲಿ ಲೆಕ್ಕದ ಟೀಚರು. ಹಾಗಾಗಿ ಪಟ್ಟಿ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಸೊಪ್ಪು ಮಾರುವ ಅಜ್ಜಿಯನ್ನು ಚಿಕ್ಕಪ್ಪ ಗುರು ಮಾಡಿಕೊಂಡರು. ಗುರುತಿಲ್ಲದ ಸೊಪ್ಪು ಸಿಕ್ಕರೆ ಮೊದಲು ಮೊಣಕೈ ಒಳಗೆ ಉಜ್ಜಬೇಕು, ಅರ್ಧ ದಿನ ಕಾಯಬೇಕು, ತುರಿಸದಿದ್ದರೆ ತುಟಿಗೆ, ಆಮೇಲೆ ನಾಲಿಗೆ ತುದಿಗೆ. ಹಿತ್ತಲಲ್ಲಿ ಬೆಳೆದ ಕಳೆಯನ್ನೆಲ್ಲ ಹೀಗೆ ಪರೀಕ್ಷೆ ಮಾಡಿ ಒಂದು ವಾರ ತುಟಿ ಊದಿಸಿಕೊಂಡು ತಿರುಗಿದರು. "ಇವರನ್ನ ಕಾಡಿಗೆ ಕಳಿಸೋದೇ ಬೇಡ, ಹಿತ್ತಲೇ ಸಾಕು" ಅಂತ ಚಿಕ್ಕಮ್ಮ ನಗಾಡಿದರು. ಅವರ ನಗು ನಾನು ಆಮೇಲೆ ಬಹಳ ದಿನ ಕೇಳಲಿಲ್ಲ.

ಪಟ್ಟಿಯಲ್ಲಿ ಕೊಡಲಿ, ಮೀನಿನ ಗಾಳ, ಟಾರ್ಪಾಲು, ಕಂಬಳಿ, ಒಂದು ಪಾತ್ರೆ, ಇನ್ನೊಂದು ಜೊತೆ ಕನ್ನಡಕ, ಮೇಣ ಸವರಿದ ಬೆಂಕಿಪೊಟ್ಟಣ. ಅಕ್ಕಿ ಬೇಕಾದ್ದರ ಕಾಲು ಭಾಗ, ಉಳಿದದ್ದು ಕಾಡಿನ ಪಾಲು. ಉಪ್ಪನ್ನು ದಿನಕ್ಕಿಷ್ಟು ಅಂತ ಮೂವತ್ತು ಪೊಟ್ಟಣ ಕಟ್ಟಿದರು. ಎಲ್ಲವನ್ನೂ ಒಂದೊಂದಾಗಿ ತೂಗಿ ಹೇಳಿದರು, ನಾನು ಬರೆದೆ. ಖಾಲಿ ಚೀಲವೂ ಸೇರಿ ಹದಿನೇಳು ಕಿಲೋ ನಾನೂರು ಗ್ರಾಂ.

ಪಟ್ಟಿಯನ್ನು ಮೊದಲು ಸರಿಯಾಗಿ ಓದಿದವರು ಚಿಕ್ಕಮ್ಮ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ನನ್ನನ್ನು ಅಡುಗೆಮನೆಗೆ ಕರೆದರು.

"ಉಪ್ಪು ಮೂವತ್ತು ದಿನಕ್ಕೆ. ಬೆಂಕಿಕಡ್ಡಿ ಮೂವತ್ತು ದಿನಕ್ಕೆ. ಮೂವತ್ತನೇ ದಿನ ಆದ್ಮೇಲೆ ಕಾಡಿಂದ ನಡ್ಕೊಂಡು ಬರೋಕೆ ಎರಡು ದಿನ ಬೇಕಲ್ಲ, ಅದಕ್ಕೆ ಏನಿದೆ?"

ನಾನು ಪಟ್ಟಿ ನೋಡಿದೆ. ಏನೂ ಇರಲಿಲ್ಲ.

"ಸೋಪಿಗೂ ಲೆಕ್ಕ ಇಡೋರು ಇದನ್ನ ಮರೀತಾರಾ?" ಅಂದರು ಚಿಕ್ಕಮ್ಮ. "ಅವರು ವಾಪಸ್ ಬರ್ತಾರಾ ಇಲ್ವಾ, ನನಗೆ ಬೇರೇನೂ ಬೇಡ, ಅದೊಂದು ಗೊತ್ತಾಗ್ಬೇಕು."

ಕೇಳಿದ್ದಕ್ಕೆ ಚಿಕ್ಕಪ್ಪ, "ಬರೋವಾಗ ಸಿಕ್ಕಿದ್ದು ತಿಂದ್ರಾಯ್ತು" ಅಂದರು. ಮುಖ ನೋಡಿ ಹೇಳಲಿಲ್ಲ.

ಹೊರಡುವ ಮೂರು ದಿನ ಮುಂಚೆ, ಭಾನುವಾರ ಮಧ್ಯಾಹ್ನ ಚೀಲ ತುಂಬಿದೆವು. ಇಬ್ಬರೂ ಹಿಡಿದು ತಕ್ಕಡಿಯ ಮೇಲೆ ಇಟ್ಟೆವು. ಮುಳ್ಳು ಓಡಿ ಇಪ್ಪತ್ತು ಕಿಲೋ ಗೀಟಿನ ಮೇಲೆ ನಿಂತಿತು.

"ಶಾಲೇಲಿ ಮಕ್ಕಳಿಗೂ ಇದೇ ಕೂಡೋ ಲೆಕ್ಕ ಹೇಳ್ಕೊಡ್ತೀಯಾ?" ಅಂದರು ಚಿಕ್ಕಪ್ಪ.

ನಾನು ಮತ್ತೆ ಕೂಡಿದೆ. ಹದಿನೇಳು ನಾನೂರು. ಚೀಲ ಬಿಚ್ಚಿ ಎಲ್ಲ ಹೊರಗೆ ಹಾಕಿ, ಒಂದೊಂದನ್ನೂ ಮತ್ತೆ ತೂಗಿದೆವು. ಹದಿನೇಳು ನಾನೂರು. ಮತ್ತೆ ತುಂಬಿ ಇಟ್ಟೆವು. ಇಪ್ಪತ್ತು. ಚಿಕ್ಕಪ್ಪ ಚೀಲದ ಹೊಲಿಗೆ ಬಿಚ್ಚಿ ಕೈ ಹಾಕಿ ತಡಕಿದರು. ಏನೂ ಇರಲಿಲ್ಲ. ಅವರಿಗೆ ಛಲ ಬಂತು. ಆಟೋದಲ್ಲಿ ಚೀಲ ಹೇರಿಕೊಂಡು ದಿನಸಿ ಅಂಗಡಿಯ, ತೂಕದ ಕಲ್ಲಿಟ್ಟು ತೂಗುವ ತಕ್ಕಡಿಗೆ ಹೋದೆವು. ಅಲ್ಲೂ ಇಪ್ಪತ್ತು. ಮರುದಿನ ಪಾರ್ಸೆಲ್ ಆಫೀಸಿನ ಬ್ಯಾಟರಿ ಯಂತ್ರ, ಅದನ್ನು ಅವರು ಜನ್ಮದಲ್ಲಿ ನಂಬಿದವರಲ್ಲ, ಅದೂ ಕೆಂಪು ಅಕ್ಷರದಲ್ಲಿ ಇಪ್ಪತ್ತು ತೋರಿಸಿತು. ಮೂರು ತಕ್ಕಡಿ ಸೇರಿ ಸುಳ್ಳು ಹೇಳುವುದಿಲ್ಲ ಅನ್ನುವುದು ಅವರೇ ಕಲಿಸಿದ ಪಾಠ.

ಮನೆಗೆ ಬಂದಾಗ ಚಿಕ್ಕಮ್ಮ ಬಾಗಿಲಲ್ಲೇ ಕೇಳಿದರು, "ಎಷ್ಟು ಹೆಚ್ಚು ಬರ್ತಿದೆ?"

"ಎರಡು ಕಿಲೋ ಆರುನೂರು" ಅಂದೆ.

ಅವರು ನನ್ನನ್ನು ನೋಡಲಿಲ್ಲ, ಚಿಕ್ಕಪ್ಪನನ್ನು ನೋಡಿದರು. ಚಿಕ್ಕಪ್ಪ ನೆಲ ನೋಡಿದರು. ಚಿಕ್ಕಮ್ಮ ಒಳಗೆ ಹೋಗಿ ಮಲಗುವ ಕೋಣೆಯ ಬಾಗಿಲು ಹಾಕಿಕೊಂಡರು.

ಆಗ ಚಿಕ್ಕಪ್ಪ ಮಾಡಿದ ಕೆಲಸವನ್ನು ನಾನು ಕಣ್ಣಾರೆ ಕಂಡೆ. ಚೀಲವನ್ನು ನಡುಮನೆಯ ತಕ್ಕಡಿಯ ಮೇಲೆ ಇಟ್ಟರು. ಸಣ್ಣ ಸ್ಕ್ರೂಡ್ರೈವರ್ ತಂದು, ಮುಖದ ಕೆಳಗಿರುವ ಸೊನ್ನೆಯ ತಿರುಪನ್ನು ಎಡಕ್ಕೆ ತಿರುಗಿಸುತ್ತಾ ಹೋದರು. ಇಪ್ಪತ್ತರಲ್ಲಿದ್ದ ಮುಳ್ಳು ಹಿಂದೆ ಸರಿದು ಹದಿನೇಳು ನಾನೂರಕ್ಕೆ ಬಂದು ನಿಂತಿತು. ಯಾವ ಕೆಲಸಕ್ಕಾಗಿ ಊರ ವ್ಯಾಪಾರಿಗಳ ಮಾನ ಹರಾಜು ಹಾಕಿದ್ದರೋ ಅದೇ ಕೆಲಸ. ತಿರುಪು ಅಲುಗಿದರೆ ತಿಳಿಯಲಿ ಅಂತ ಅದರ ಮೇಲೆ ಕೆಂಪು ಬಣ್ಣದ ಒಂದು ಗೀರು ಹಾಕಿದರು.

"ಸರಿಹೋಯ್ತು" ಅಂದರು. ನನಗೆ ಸಿಟ್ಟು ಬಂತು, ಹೆದರಿಕೆಯೂ ಆಯಿತು. ಎರಡನ್ನೂ ನುಂಗಿಕೊಂಡು ಮಹಡಿ ಹತ್ತಿದೆ.

ಬುಧವಾರ ಬೆಳಿಗ್ಗೆ ಅವರು ಹೊರಟರು. ಚಿಕ್ಕಮ್ಮ ಬಾಗಿಲವರೆಗೆ ಬಂದು, "ಭಾರ ಆಗ್ತಿದ್ಯೇನ್ರೀ?" ಅಂತ ಮಾತ್ರ ಕೇಳಿದರು.

"ಹೊರಬಹುದು" ಅಂದರು ಚಿಕ್ಕಪ್ಪ.

ಅವರು ಓಣಿ ದಾಟಿದ ಮೇಲೆ ನಾವು ಒಳಗೆ ಬಂದೆವು. ಚೀಲ ಇಲ್ಲದ ಖಾಲಿ ತಕ್ಕಡಿಯ ಮುಳ್ಳು ಸೊನ್ನೆಯಿಂದ ಎಡಕ್ಕೆ, ಇಪ್ಪತ್ತಾರು ಗೀಟು ಹಿಂದೆ ನಿಂತಿತ್ತು. ಲೆಕ್ಕಕ್ಕೆ ಅದು ಹಾಗೇ ನಿಲ್ಲಬೇಕು. ಆದರೆ ಏನೂ ಇಲ್ಲದ ತಟ್ಟೆ, ಏನೂ ಇಲ್ಲದ್ದಕ್ಕಿಂತ ಕಡಿಮೆ ತೋರಿಸುವುದನ್ನು ದಿನಾ ನೋಡುವುದು ಕಷ್ಟ. ನಾನು ಸರಿ ಮಾಡಲು ಹೋದೆ. ಚಿಕ್ಕಮ್ಮ ನನ್ನ ಕೈ ಹಿಡಿದರು.

"ಮುಟ್ಟಬೇಡ. ಈ ಮನೆ ತೂಕ ಅಷ್ಟೇ. ಮೂವತ್ತನಾಲ್ಕು ವರ್ಷದಿಂದ ಅಷ್ಟೇ ಇತ್ತು, ಈಗ ಮುಳ್ಳು ತೋರಿಸ್ತಿದೆ."

ಆಮೇಲೆ ಕೂತು ಹೇಳಿದರು. ಅವರಿಗೊಂದು ಹೆಣ್ಣು ಮಗು ಹುಟ್ಟಿತ್ತು. ಹೆರಿಗೆ ಆಸ್ಪತ್ರೆಯ ತಕ್ಕಡಿ ನೋಡಿಕೊಳ್ಳುತ್ತಿದ್ದವರು ಚಿಕ್ಕಪ್ಪನೇ, ನರ್ಸನ್ನು ಪಕ್ಕಕ್ಕೆ ಸರಿಸಿ ಮಗುವನ್ನು ತಾವೇ ತೂಗಿದರಂತೆ. ಎರಡು ಕಿಲೋ ಆರುನೂರು. ಎಂಟನೇ ದಿನ ಆ ಕಾಡಿನ ಡಿಪೋದಿಂದ ಕರೆ ಬಂತು. ಮಗು ಸ್ವಲ್ಪ ಸೊರಗಿದೆ, ಹೋಗಬೇಡಿ ಅಂತ ಚಿಕ್ಕಮ್ಮ ಹೇಳಿದರು. "ತೂಕ ಸರಿಯಾಗಿದೆ, ಏನೂ ಆಗಲ್ಲ" ಅಂತ ಇವರು ಹೋದರು. ಹನ್ನೊಂದನೇ ದಿನ ಮಗು ಹೋಯಿತು. ಇವರು ಅದೇ ದಿನ ಡಿಪೋದಲ್ಲಿ ಕೂತು ಸೊನ್ನೆ ಸರಿ ಮಾಡುತ್ತಿದ್ದರು. ವಾಪಸ್ ಬರುವಷ್ಟರಲ್ಲಿ ಮಣ್ಣು ಮಾಡಿ ಮೂರು ದಿನವಾಗಿತ್ತು.

"ಹೆಸರೂ ಇಟ್ಟಿರಲಿಲ್ಲ" ಅಂದರು ಚಿಕ್ಕಮ್ಮ. "ಅವರು ಏನೂ ಕೇಳಲಿಲ್ಲ, ನಾನೂ ಏನೂ ಹೇಳಲಿಲ್ಲ. ಹಾಗೇ ಮುದುಕರಾದ್ವಿ. ಈಗ ಅಲ್ಲಿಗೇ ಹೋಗಿದಾರೆ. ವಾಪಸ್ ಬರೋಕೆ ಉಪ್ಪು ಕಟ್ಕೊಂಡಿಲ್ಲ."

ದಿನ ಎಣಿಸಿದೆವು. ಕಾಡಿನಿಂದ ಸುದ್ದಿ ಬರುವ ದಾರಿಯೇ ಇರಲಿಲ್ಲ. ನಾನು ಶಾಲೆಗೆ ಹೋಗುವಾಗ ಒಮ್ಮೆ, ಬಂದಾಗ ಒಮ್ಮೆ ಮುಳ್ಳು ನೋಡುತ್ತಿದ್ದೆ. ಅದು ಕದಲಲಿಲ್ಲ.

ಅವರು ಹೊರಟ ಇಪ್ಪತ್ತಾರನೇ ದಿನ ಭಾನುವಾರ. ಮಟಮಟ ಮಧ್ಯಾಹ್ನ, ಓಣಿಯಲ್ಲಿ ಯಾರೋ ಕಂಬಳಿ ಒಣಹಾಕಿ ಬಡಿಯುತ್ತಿದ್ದ ಸದ್ದು. ಚಿಕ್ಕಮ್ಮ ಕೆಳಗಿನಿಂದ ನನ್ನನ್ನು ಕರೆದರು, ಎಂದಿನ ದನಿಯಲ್ಲಿ ಅಲ್ಲ, ಪಿಸುಗುಟ್ಟುವ ಹಾಗೆ. ಅಷ್ಟು ಮೆಲ್ಲಗೆ ಕರೆದಿದ್ದು ಮಹಡಿಗೆ ಹೇಗೆ ಕೇಳಿಸಿತೋ ನನಗೆ ಇವತ್ತಿಗೂ ತಿಳಿಯದು.

ಮುಳ್ಳು ಸೊನ್ನೆಯ ಮೇಲೆ ನಿಂತಿತ್ತು.

ತಟ್ಟೆ ಖಾಲಿ. ಬಗ್ಗಿ ತಿರುಪು ನೋಡಿದೆ. ಕೆಂಪು ಗೀರು ಚಿಕ್ಕಪ್ಪ ಹಾಕಿದ ಹಾಗೇ ಇತ್ತು, ಕೂದಲೆಳೆಯಷ್ಟೂ ಸರಿದಿರಲಿಲ್ಲ. "ಸ್ಪ್ರಿಂಗು ಸಡಿಲ ಆಗಿರ್ಬೇಕು ಚಿಕ್ಕಮ್ಮ" ಅಂದೆ. ಹೇಳಿದ ನನಗೇ ನಂಬಿಕೆ ಇರಲಿಲ್ಲ. ಮುಳ್ಳು ಪೂರ್ತಿ ಸ್ಥಿರವಾಗಿಯೂ ಇರಲಿಲ್ಲ. ಕಣ್ಣಿಟ್ಟು ನೋಡಿದರೆ, ಉಸಿರಾಡುವ ಲಯದಲ್ಲಿ ಒಂದಿಷ್ಟು ಏರಿ ಇಳಿಯುತ್ತಿತ್ತು.

ತಟ್ಟೆ ತೆಗೆದು ನೋಡೋಣ ಅಂದೆ. ಚಿಕ್ಕಮ್ಮ ಬಿಡಲಿಲ್ಲ. ಎದ್ದು ಹೋಗಿ, ಬಿಸಿಲು ಬೀಳುತ್ತಿದ್ದ ಕಿಟಕಿಯ ಒಂದು ಬಾಗಿಲನ್ನು ಮುಚ್ಚಿದರು. ಆ ವಾರವೆಲ್ಲ ಮನೆಯಲ್ಲಿ ಮಿಕ್ಸಿ ಹಾಕಲಿಲ್ಲ. ಚಿಕ್ಕಮ್ಮ ಹೆದರಿದಂತೆ ಕಾಣಲಿಲ್ಲ. ಹೆದರಿದವಳು ನಾನು, ಮೇಜಿನ ಹತ್ತಿರ ಹಾಯುವಾಗ ಗೋಡೆಗೆ ಒತ್ತಿಕೊಂಡು ಹಾಯುತ್ತಿದ್ದೆ.

ಮೂವತ್ತಮೂರನೇ ದಿನ, ಮುಂದಿನ ಭಾನುವಾರ ಬೆಳಿಗ್ಗೆ, ಚಿಕ್ಕಪ್ಪ ಬಂದರು. ಎಲುಬು ಎಣಿಸುವಷ್ಟು ಸೊರಗಿದ್ದರು, ಮುಖದ ತುಂಬ ಗಡ್ಡ ಬೆಳೆದಿತ್ತು. ಚೀಲವನ್ನು ಹೊಸ್ತಿಲ ಹೊರಗೇ ಇಳಿಸಿ ಅಲ್ಲೇ ಕುಸಿದು ಕೂತರು. ಮನೆಯೊಳಗೆ ಕಾಲಿಡಲು ತಮಗೆ ಹಕ್ಕಿಲ್ಲ ಅನ್ನುವ ಹಾಗೆ ಕೂತಿದ್ದರು.

"ವಾಪಸ್ ಬರಬಾರದು ಅಂತಲೇ ಹೋಗಿದ್ದೆ" ಅಂದರು ಚಿಕ್ಕಮ್ಮನಿಗೆ. "ಅವಳು ಜೊತೇಲಿದ್ದಳು. ಬೆನ್ನ ಮೇಲೆ ಭಾರ ಇತ್ತು. ರಾತ್ರಿ ಚೀಲ ಪಕ್ಕದಲ್ಲಿಟ್ಕೊಂಡು ಮಲಗ್ತಿದ್ದೆ. ಇಪ್ಪತ್ತಾರನೇ ದಿನ ಮಧ್ಯಾಹ್ನ ಎತ್ತಿದ್ರೆ ಹಗುರ. ನಾಲ್ಕು ದಿನ ಹುಡುಕಿದೆ ಕಣೇ. ಹಳ್ಳದಲ್ಲಿ, ಪೊದೆಯಲ್ಲಿ, ಎಲ್ಲಾ ಕಡೆ. ಸಿಗಲಿಲ್ಲ. ಒಂದು ಸಲ ನಿನ್ನ ಹತ್ರ ಬಿಟ್ಟು ಹೋದೆ, ಈ ಸಲ ಕಾಡಲ್ಲಿ ಕಳಕೊಂಡೆ. ಇದನ್ನ ನಿನಗೆ ಹೇಳದೆ ಸಾಯೋಕೆ ಆಗಲಿಲ್ಲ, ಅದಕ್ಕೆ ಬಂದೆ."

ಚಿಕ್ಕಮ್ಮ ಅವರ ಮೊಣಕೈ ಹಿಡಿದು ಎಬ್ಬಿಸಿ ಒಳಗೆ ಕರೆತಂದರು. ಮೇಜಿನ ಮುಂದೆ ನಿಲ್ಲಿಸಿದರು.

ಚಿಕ್ಕಪ್ಪ ಮುಳ್ಳು ನೋಡಿದರು. "ಸೊನ್ನೆ ಯಾರು ಸರಿ ಮಾಡಿದ್ದು?"

"ಯಾರೂ ಮುಟ್ಟಿಲ್ಲ" ಅಂದೆ. "ಅವತ್ತಿನಿಂದ ಹೀಗೇ ಇದೆ, ಇಪ್ಪತ್ತಾರನೇ ದಿನ ಮಧ್ಯಾಹ್ನದಿಂದ."

ಅವರು ಬಗ್ಗಿ ಕೆಂಪು ಗೀರನ್ನು ಬೆರಳಿನಿಂದ ಸವರಿ ನೋಡಿದರು. ಮೂವತ್ತೆಂಟು ವರ್ಷದ ಅಭ್ಯಾಸ, ಕೈ ತಾನಾಗಿ ತಟ್ಟೆಯ ಅಂಚಿಗೆ ಹೋಯಿತು, ಎತ್ತಿ ಪರೀಕ್ಷೆ ಮಾಡಲು.

"ಎತ್ತಬೇಡಿ" ಅಂದರು ಚಿಕ್ಕಮ್ಮ. "ಈಗಷ್ಟೇ ಮಲಗಿದಾಳೆ."

ಚಿಕ್ಕಪ್ಪ ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ತಿರುಗಿ ಹೋಗಿ, ತೆರೆದೇ ಇದ್ದ ಮುಂಬಾಗಿಲನ್ನು ಸದ್ದಾಗದ ಹಾಗೆ ಮೆಲ್ಲಗೆ ಮುಂದೆ ಮಾಡಿದರು.