ಹಳೇ ಪೇಪರಿನ ತೋಳು

ಉಲ್ಯಾನಾ ತೀರಿಕೊಂಡ ನಲವತ್ತನೆಯ ದಿನದ ಊಟಕ್ಕೆ ಸೇರಿದವರಲ್ಲಿ ಹೆಂಗಸರೇ ಹೆಚ್ಚು. ಅವರೆಲ್ಲ ಒಂದಲ್ಲ ಒಂದು ಕಾಲದಲ್ಲಿ ಅವಳ ಕೈಯಿಂದ ಪುಸ್ತಕ ಇಸಿದುಕೊಂಡವರು. ವೋರ್ಸ್ಕ್ಲಾ ಹೊಳೆಯ ದಂಡೆಯ ಆ ಸಣ್ಣ ಊರಿನ ಮಕ್ಕಳ ಗ್ರಂಥಾಲಯದಲ್ಲಿ ಅವಳು ತಲೆಗೂದಲು ಬೆಳ್ಳಗಾಗುವವರೆಗೂ ಕೂತಿದ್ದಳು. ಹದಿಮೂರು ಹದಿನಾಲ್ಕರ ಹುಡುಗಿಯರು ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಕೇಳುವ ಮೊದಲೇ ಅವಳ ಕೈ ಒಂದು ಕಪಾಟಿನ ಕಡೆ ಹೋಗುತ್ತಿತ್ತು. ತಾಯಿಯಿಲ್ಲದ, ಯಾರದೋ ಮನೆಯಲ್ಲಿ ಬೆಳೆಯುವ, ಯಾರಿಗೂ ತಲೆಬಾಗದ ಹುಡುಗಿಯರ ಹಳೆಯ ಕಾದಂಬರಿಗಳ ಕಪಾಟು ಅದು. ಊಟದ ದಿನ ಎಲ್ಲರೂ ಅವಳ ಒಳ್ಳೆಯತನವನ್ನೇ ಹೇಳಿದರು. ಹೇಳಲಿ, ಸುಳ್ಳೇನಲ್ಲ. ಆದರೆ ಯಾರಾದರೂ ಹೊಗಳಿದರೆ ಉಲ್ಯಾನಾಳ ಕಿವಿ ಕೆಂಪಾಗುತ್ತಿತ್ತು, ಅರವತ್ತು ದಾಟಿದ ಮೇಲೂ. ಈಗ ಅವಳಿಲ್ಲದ ಮನೆಯಲ್ಲಿ ಅವಳ ಚಹಾದ ಲೋಟ ತೊಳೆದಿಡುವ, ಮುಪ್ಪಿನಲ್ಲಿ ಜೊತೆಗಿದ್ದ ಗೆಳತಿಯ ಕಣ್ಣಮುಂದೆ ಬರುವುದು ಆ ಕೆಂಪು ಕಿವಿಯೇ.

ಅದರ ಕಥೆ ಅವಳ ಹದಿನಾಲ್ಕನೆಯ ವರ್ಷದ್ದು, ಸೋವಿಯತ್ ಕಾಲದ್ದು.

ತಾಯಿ ಖ್ರಿಸ್ತ್ಯಾ ಸತ್ತ ಮೇಲೆ ತಂದೆ ಮರ ಕಡಿಯುವ ಕೆಲಸಕ್ಕೆಂದು ಉತ್ತರಕ್ಕೆ ಹೊರಟುಹೋದ. ಉಲ್ಯಾನಾ ತಾಯಿಯ ಅಕ್ಕ ಪಾರಸ್ಕಾಳ ಮನೆಗೆ ಬಂದಳು. ಪಾರಸ್ಕಾ ದೊಡ್ಡಮ್ಮನಿಗೆ ಮದುವೆಯಾಗಿರಲಿಲ್ಲ. ಹಗಲು ಸರಕಾರಿ ಹೊಲಿಗೆ ಅಂಗಡಿಯಲ್ಲಿ ದುಡಿತ, ಸಂಜೆ ಮನೆಯಲ್ಲಿ ಊರ ಹೆಂಗಸರ ಬಟ್ಟೆ. ಬಾಯಲ್ಲಿ ಯಾವಾಗಲೂ ಗುಂಡುಸೂಜಿ. ತುಟಿಗಳ ನಡುವೆ ಏಳೆಂಟು ಸೂಜಿ ಕಚ್ಚಿಕೊಂಡವಳು ಮಾತಾಡುವುದಾದರೂ ಹೇಗೆ? ಗೋಣು ಆಡಿಸುತ್ತಿದ್ದಳು, ಹುಬ್ಬು ಗಂಟಿಕ್ಕುತ್ತಿದ್ದಳು, ಬೆರಳಿನಿಂದ ಒಲೆ ತೋರಿಸಿ ಬೋರ್ಷ್ ಸಾರು ಅಲ್ಲಿದೆ, ಬಡಿಸಿಕೋ ಎನ್ನುತ್ತಿದ್ದಳು. ಗಡಿಯಾರ ಒಂಬತ್ತು ಹೊಡೆದರೆ ಹುಡುಗಿಯ ದೀಪ ಆರಿಸುತ್ತಿದ್ದಳು.

ಉಲ್ಯಾನಾ ಓದುತ್ತಿದ್ದ ಪುಸ್ತಕಗಳಲ್ಲೂ ದೊಡ್ಡಮ್ಮಂದಿರಿದ್ದರು. ಅವರೂ ಹೆಚ್ಚು ಮಾತಾಡುತ್ತಿರಲಿಲ್ಲ. ಅವರೂ ದೀಪ ಆರಿಸುತ್ತಿದ್ದರು. ಗ್ರಂಥಾಲಯದ ಪ್ರತಿಗಳು ಕೈಯಿಂದ ಕೈಗೆ ದಾಟಿ ಎಣ್ಣೆಜಿಡ್ಡಾಗಿದ್ದವು, ನಡುನಡುವೆ ಹಾಳೆ ಹರಿದಿದ್ದವು. ಹರಿದ ಕಡೆ ಏನಿತ್ತೋ ಅದನ್ನು ಅವಳು ತನ್ನ ಬದುಕಿನಿಂದ ತುಂಬಿಕೊಂಡಳು. ತನ್ನ ಬದುಕಿನಲ್ಲಿ ಕಡಿಮೆಬಿದ್ದದ್ದನ್ನು ಪುಸ್ತಕದಿಂದ ತುಂಬಿಕೊಂಡಳು. ಹೀಗೆ ಮಾಡುತ್ತ ಮಾಡುತ್ತ ಯಾವುದು ಎಲ್ಲಿಯದೆಂಬ ಲೆಕ್ಕ ತಪ್ಪಿತು.

"ಬ್ರೆಡ್ಡಿನ ಕಪಾಟಿಗೆ ಬೀಗ ಹಾಕ್ತಾಳೆ ಕಣೇ. ಬೀಗದ ಕೈ ಸೊಂಟದಲ್ಲಿ ಸಿಗಿಸಿಕೊಂಡಿರ್ತಾಳೆ," ಎಂದು ಒಂದು ದಿನ ಗೆಳತಿ ಸ್ತೇಫಾಳಿಗೆ ಹೇಳಿದಳು.

ಸ್ತೇಫಾಳ ಕಣ್ಣು ತುಂಬಿತು. "ಅಯ್ಯೋ! ಮತ್ತೆ ನೀನು ಏನು ತಿಂತೀಯ?"

"ಏನೋ... ಉಳಿದಿದ್ದು."

ಅವತ್ತಿನಿಂದ ಸ್ತೇಫಾ ಶಾಲೆಗೆ ಎರಡು ಪಾಲು ಬ್ರೆಡ್ಡು ತರತೊಡಗಿದಳು, ಮೇಲೆ ಉಪ್ಪು ಹಚ್ಚಿದ ಹಂದಿಕೊಬ್ಬು, ಬೆಳ್ಳುಳ್ಳಿ. ಉಲ್ಯಾನಾ ತಲೆ ತಗ್ಗಿಸಿ, ಪುಸ್ತಕದ ಹುಡುಗಿಯ ಹಾಗೆ ನಿಧಾನವಾಗಿ ತಿನ್ನುತ್ತಿದ್ದಳು. ಮನೆಯಿಂದ ಹೊರಡುವಾಗ ಬೆಣ್ಣೆ ಹಾಕಿದ ಗಂಜಿ ಹೊಟ್ಟೆತುಂಬ ತಿಂದು ಬಂದಿರುತ್ತಿದ್ದಳು. ಕಪಾಟಿಗೆ ಬೀಗವೂ ಇರಲಿಲ್ಲ. ಅದರ ಬಾಗಿಲು ನಿಲ್ಲುತ್ತಿರಲಿಲ್ಲ ಅಂತ ದೊಡ್ಡಮ್ಮ ಒಂದು ಬಟ್ಟೆಪಟ್ಟಿ ಕಟ್ಟಿದ್ದಳು, ಅಷ್ಟೆ.

ಆ ವಸಂತದಲ್ಲಿ ರೈಲು ನಿಲ್ದಾಣದ ಪಕ್ಕದ ರದ್ದಿ ಕೇಂದ್ರದ ಬಾಗಿಲಿಗೆ ಹೊಸ ಪುಸ್ತಕಗಳ ಪಟ್ಟಿ ಅಂಟಿಸಿದರು. ಆಗ ಒಳ್ಳೆಯ ಪುಸ್ತಕ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಇಪ್ಪತ್ತು ಕಿಲೋ ರದ್ದಿ ಕಾಗದ ತಂದು ಹಾಕಿದವರಿಗೆ ಒಂದು ಚೀಟಿ, ಚೀಟಿ ತೋರಿಸಿದವರಿಗೆ ಒಂದು ಪುಸ್ತಕ. ಈ ಸಲ ಬಂದದ್ದು ಅವಳ ಪುಸ್ತಕವೇ: ಕಡಲ ದಂಡೆಯ ಉಪ್ಪಿನ ವ್ಯಾಪಾರಿಯ ಮನೆಗೆ ಬರುವ ಅನಾಥ ಹುಡುಗಿಯ ಕಥೆ. ಗ್ರಂಥಾಲಯದ ಪ್ರತಿಯಲ್ಲಿ ಕೊನೆಯ ಅಧ್ಯಾಯವೇ ಇರಲಿಲ್ಲ. ಬೀಗ, ಸೊಂಟದ ಬೀಗದ ಕೈ ಬಂದದ್ದೂ ಅಲ್ಲಿಂದಲೇ.

ಊರಿಗೆ ಊರೇ ಕಾಗದದ ಬೆನ್ನು ಹತ್ತಿತು. ಅಟ್ಟ, ಕೊಟ್ಟಿಗೆ, ನೆಲಮಾಳಿಗೆ ಎಲ್ಲ ಖಾಲಿಯಾದವು. ಉಪ್ಪಿನಕಾಯಿ ಭರಣಿಯ ಕೆಳಗೆ ಹಾಸಿದ ಪೇಪರೂ ಉಳಿಯಲಿಲ್ಲ. ಉಲ್ಯಾನಾ ಬೀದಿ ಬೀದಿ ಅಲೆದು ಕೈಗಾಡಿಯಲ್ಲಿ ತುಂಬಿ ತಂದರೆ ತೂಕದವ ಯುಖೀಮ್ ಕಟ್ಟನ್ನು ಕೈಯಲ್ಲಿ ತೂಗಿ ನೋಡಿ ನಕ್ಕ.

"ಇಟ್ಟಿಗೆ ಎಲ್ಲಿಟ್ಟಿದ್ದೀಯ ತಾಯಿ? ನಡುವೆನಾ, ತಳದಲ್ಲಾ?"

"ಇಟ್ಟಿಗೆ ಇಲ್ಲ ಮಾವ, ಬರೀ ಕಾಗದ."

"ಹಂಗಾದ್ರೆ ಈ ಊರಲ್ಲಿ ನೀನೊಬ್ಬಳೇ ಸತ್ಯವಂತೆ. ಅದಕ್ಕೇ ನೋಡು, ಮೂರು ಕಿಲೋ ಕಮ್ಮಿ. ಸಂಜೆಯೊಳಗೆ ತಾ. ನಾಳೆ ಚೀಟಿ ಇರಲ್ಲ, ನಾನೂ ಇರಲ್ಲ, ಮೀನು ಹಿಡಿಯೋಕೆ ಹೋಗ್ತೀನಿ."

ದೊಡ್ಡಮ್ಮನ ಮಂಚದ ಕೆಳಗೆ ಪೇಪರಿನ ಕಟ್ಟುಗಳಿದ್ದವು. ಬಟ್ಟೆಯ ಅಂಚಿನಿಂದ ಬಿಗಿದು ಕಟ್ಟಿದ್ದವು. ಮೇಲೆ ಸುತ್ತಿದ್ದು ಇಡೀ ಹಾಳೆ. ಒಳಗೆ ಕೈಗೆ ತಗುಲಿದ್ದು ದುಂಡನೆಯ ಅಂಚು, ಕತ್ತರಿಸಿದ ಕೊರಳಿನ ಬಾಗು. ಉಲ್ಯಾನಾ ಕಟ್ಟು ಬಿಚ್ಚಲಿಲ್ಲ. ಬಿಚ್ಚಿದ್ದರೆ ಗೊತ್ತಾಗುತ್ತಿತ್ತು. ಗೊತ್ತಾಗಬಾರದೆಂದೇ ಬಿಚ್ಚದೆ ಕೈಗಾಡಿಗೆ ಹಾಕಿದಳು. ಮುಂದೆ ಮುಪ್ಪಿನ ಗೆಳತಿಗೆ ಇದನ್ನು ಹೇಳುವಾಗಲೆಲ್ಲ ಅವಳು ಈ ಮಾತನ್ನು ಬಿಡದೆ ಸೇರಿಸುತ್ತಿದ್ದಳು: "ತಿಳೀದೆ ಮಾಡಿದ್ದಲ್ಲ. ತಿಳ್ಕೊಳ್ಳದೆ ಮಾಡಿದ್ದು."

ಪುಸ್ತಕ ಕೈಗೆ ಬಂತು. ನೀಲಿ ರಟ್ಟು, ಹೊಸ ಅಂಟಿನ ವಾಸನೆ.

ಮೂರನೆಯ ದಿನ ಸ್ತೇಫಾಳ ತಾಯಿ ದೋಮ್ನಾ ಒಂದು ರವಿಕೆಯ ಬಟ್ಟೆ ತಂದಳು. ಬ್ರೆಡ್ಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಗಟ್ಟಿ ಹೆಂಗಸು, ಬಾಯಿಯೂ ಗಟ್ಟಿ. "ಅಳತೆ ಬೇಡ ಅಲ್ವಾ? ನಿನ್ನ ಹತ್ರ ನನ್ನ ಪೇಪರ್ ಕಟಿಂಗ್ ಇದೆಯಲ್ಲ. ಸ್ವಲ್ಪ ಅಗಲ ಮಾಡು, ಚಳಿಗಾಲ ನನಗೆ ಒಗ್ಗಿಬಿಟ್ಟಿದೆ."

ದೊಡ್ಡಮ್ಮ ನಗುತ್ತ ಮೊಣಕಾಲೂರಿ ಮಂಚದ ಕೆಳಗೆ ಕೈಯಾಡಿಸಿದಳು. ಬಗ್ಗಿ ನೋಡಿದಳು. ಎದ್ದು ಅಟ್ಟಕ್ಕೆ ಹೋಗಿ ಬಂದಳು, ಮತ್ತೆ ಬಗ್ಗಿದಳು. ಊರಿನ ಹೆಂಗಸರ ತೋಳು, ಎದೆ, ಕೊರಳುಗಳೆಲ್ಲ ಪೇಪರಿನಲ್ಲಿ ಕತ್ತರಿಸಿ, ಮೂಲೆಯಲ್ಲಿ ಹೆಸರು ಬರೆದು, ವರ್ಷಗಟ್ಟಲೆ ತಿದ್ದಿ ಜೋಡಿಸಿಟ್ಟದ್ದು ಅಲ್ಲಿತ್ತು. ಅವಳ ಸಂಜೆಯ ದುಡಿಮೆಯೆಲ್ಲ ಅದರ ಮೇಲೇ ನಿಂತಿತ್ತು.

ಬಾಗಿಲ ಬಳಿ ನಿಂತಿದ್ದ ಉಲ್ಯಾನಾಳ ಮುಖ ನೋಡಿದ್ದೇ ಅವಳಿಗೆ ಗೊತ್ತಾಯಿತು. ಬಾಯಿಂದ ಸೂಜಿ ತೆಗೆದಳು.

"ನಿಲ್ದಾಣಕ್ಕಾ?"

ಉಲ್ಯಾನಾ ತಲೆಯಾಡಿಸಿದಳು.

ಏಪ್ರನ್ನೂ ಬಿಚ್ಚದೆ ಓಡಿದರು ಇಬ್ಬರೂ. ಯುಖೀಮ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅದು ಆಗಲೇ ಒತ್ತಿ ಬಿಗಿದು ವ್ಯಾಗನ್ನಿಗೆ ಹೋಯ್ತಲ್ಲಮ್ಮ. ಇಷ್ಟು ಹೊತ್ತಿಗೆ ನೀರಲ್ಲಿ ಕರಗಿ ಗಂಜಿಯಾಗಿರುತ್ತೆ. ಯಾರಮ್ಮ ಕೊಟ್ಟಿದ್ದು?"

"ನಾನೇ," ಎಂದಳು ಪಾರಸ್ಕಾ. "ಹುಡುಗಿಗೆ ಕಟ್ಟು ತೋರಿಸುವಾಗ ತಪ್ಪು ಕಟ್ಟು ತೋರಿಸಿಬಿಟ್ಟೆ."

"ವಯಸ್ಸಾಯ್ತು ಬಿಡು ಪಾರಸ್ಕಾ," ಎಂದು ಅವನು ನಕ್ಕ. ಅವಳೂ ನಕ್ಕಳು. ಉಲ್ಯಾನಾ ನೆಲ ನೋಡುತ್ತ ನಿಂತಿದ್ದಳು. ಎಲ್ಲರೆದುರು ಕೆನ್ನೆಗೆ ಒಂದು ಬಾರಿಸಿದ್ದರೆ ಹಗುರವಾಗುತ್ತಿತ್ತು. ಪುಸ್ತಕದಲ್ಲಾದರೆ ಬಾರಿಸುತ್ತಿದ್ದರು.

ಮನೆಗೆ ಬರುವ ದಾರಿಯಲ್ಲಿ ದೊಡ್ಡಮ್ಮ ಒಂದೆರಡೇ ಮಾತಾಡಿದಳು. "ದೋಮ್ನಾನ ಮತ್ತೆ ಅಳೀಬಹುದು. ಎಲ್ಲರನ್ನೂ ಅಳೀಬಹುದು. ನಿಮ್ಮಮ್ಮಂದೂ ಅದರಲ್ಲೇ ಇತ್ತು." ಸ್ವಲ್ಪ ದೂರ ನಡೆದು, "ನಿನ್ನ ಹೆಗಲು ಅವಳಷ್ಟಕ್ಕೆ ಬರಲಿ ಅಂತ ಕಾಯ್ತಿದ್ದೆ," ಎಂದಳು.

ಹೊಸದಾಗಿ ಕತ್ತರಿಸೋಣವೆಂದರೆ ಊರಿನಲ್ಲಿ ಹಳೇ ಪೇಪರೇ ಇಲ್ಲ. ಅಂಚೆಯವನು ತರುವ ದಿನದ ಪೇಪರಿಗಾಗಿ ಉಲ್ಯಾನಾ ಮನೆಮನೆಯ ಬಾಗಿಲು ಬಡಿದಳು. "ಮತ್ತೆ ಯಾವ ಪುಸ್ತಕ ಬಂತೇ?" ಎಂದು ಕೇಳಿದವರಿಗೆ ಏನು ಹೇಳುವುದು? "ಓದಿ ಮುಗಿಸಿ ಕೊಡ್ತೀನಿ, ಸಂಜೆ ಬಾ," ಎಂದವರ ಜಗಲಿಯಲ್ಲಿ ಸಂಜೆಯವರೆಗೂ ಕೂತಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಮತ್ತೆ ಅಳತೆ ಕೊಟ್ಟರು, ಕೆಲವರು ಗೊಣಗಿದರು, ಕೆಲವರು ಬೇರೆ ದರ್ಜಿಯ ಹತ್ತಿರ ಹೋದರು. ನೀಲಿ ರಟ್ಟಿನ ಪುಸ್ತಕ ದಿಂಬಿನ ಕೆಳಗೆ ಹಾಗೇ ಇತ್ತು, ಕೊನೆಯ ಅಧ್ಯಾಯವನ್ನೂ ಅವಳು ತೆರೆಯಲಿಲ್ಲ.

ದೋಮ್ನಾ ಬಂದ ದಿನ ಉಲ್ಯಾನಾ ಒಲೆಯ ಬಳಿ ಆಲೂಗಡ್ಡೆ ಸುಲಿಯುತ್ತಿದ್ದಳು. ದೊಡ್ಡಮ್ಮ ಸೂಜಿ ಕಚ್ಚಿಕೊಂಡು ದೋಮ್ನಾಳ ಬೆನ್ನಿಗೆ ಪೇಪರು ಹಿಡಿದು ಗುರುತು ಮಾಡುತ್ತಿದ್ದಳು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ," ಎಂದಳು ದೋಮ್ನಾ. "ನನ್ನ ಸ್ತೇಫಾ ದಿನಾ ಎರಡು ಪಾಲು ಬ್ರೆಡ್ಡು ಒಯ್ತಾಳೆ. ಯಾಕೇ ಅಂತ ಕಿವಿ ಹಿಂಡಿದೆ. ನಿನ್ನ ಮನೇಲಿ ಕಪಾಟಿಗೆ ಬೀಗವಂತೆ. ಬೀಗದ ಕೈ ಸೊಂಟದಲ್ಲಂತೆ. ಪಾರಸ್ಕಾ, ತಾಯಿಯಿಲ್ಲದ ಕೂಸಿಗೆ ಯಾರಾದರೂ ಹೀಗೆ ಮಾಡ್ತಾರೇನೇ?"

ಉಲ್ಯಾನಾಳ ಕೈಯಲ್ಲಿ ಚಾಕು ನಿಂತಿತು. ಕಪಾಟು ಎದುರಿಗೇ ಇತ್ತು. ಬಟ್ಟೆಪಟ್ಟಿ ಎಲ್ಲರ ಕಣ್ಣಮುಂದೆ ಜೋತಾಡುತ್ತಿತ್ತು. ದೊಡ್ಡಮ್ಮ ಆ ಪಟ್ಟಿ ನೋಡಿದಳು, ಒಲೆಯ ಕಡೆ ನೋಡಿದಳು. ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಮಣಿಕಟ್ಟಿನ ಮೆತ್ತೆಗೆ ಚುಚ್ಚಿದಳು.

"ಹುಡುಗಿ ಬೆಳೀತಿದಾಳೆ ದೋಮ್ನಾ. ಹಸಿವು ಜಾಸ್ತಿಯಾಗಿದೆ, ನನಗೇ ತಿಳೀಲಿಲ್ಲ. ನಾಳೆಯಿಂದ ಅವಳಿಗೂ ಕಟ್ಟಿಕೊಡ್ತೀನಿ, ಸ್ತೇಫಾಗೂ ಕಟ್ಟಿಕೊಡ್ತೀನಿ. ಕೈ ಮೇಲೆತ್ತು, ಕಂಕುಳು ನೋಡಬೇಕು."

ದೋಮ್ನಾ ಹೋದ ಮೇಲೆ ದೊಡ್ಡಮ್ಮ ಪೇಪರು ಕತ್ತರಿಸತೊಡಗಿದಳು. ತಲೆಯೆತ್ತದೆ ಕೇಳಿದಳು.

"ಬೀಗ ಎಲ್ಲಿಂದ ಬಂತು?"

"...ಪುಸ್ತಕದಿಂದ."

"ಆ ಪುಸ್ತಕದಿಂದಾನಾ?"

"ಹೂಂ."

"ತಗೊಂಡು ಬಾ. ಓದು. ಇಷ್ಟು ಕೊಟ್ಟು ತಂದಿದ್ದೀಯಲ್ಲ, ನಾನೂ ಕೇಳ್ತೀನಿ."

ಉಲ್ಯಾನಾ ಓದತೊಡಗಿದಳು. ಹುಡುಗಿ ಗಾಡಿಯಿಂದಿಳಿದು ಉಪ್ಪಿನ ವ್ಯಾಪಾರಿಯ ಮನೆಯ ಬಾಗಿಲಿಗೆ ಬರುವವರೆಗೆ ಏನೂ ತೊಂದರೆಯಾಗಲಿಲ್ಲ. ಬಾಗಿಲು ತೆರೆದು ಕಥೆಯ ದೊಡ್ಡಮ್ಮ ನಿಂತಳು. ಸಾಲು ಅವಳ ಕಣ್ಣೆದುರಿಗಿತ್ತು. ನಾಲಿಗೆ ಏಳಲಿಲ್ಲ. ಅಲ್ಲಿಂದ ಮುಂದೆ ಅವಳು ಅಲ್ಲಿರುವುದನ್ನು ಬಿಟ್ಟು ಬೇರೆಯೇ ಓದಿದಳು. ದೊಡ್ಡಮ್ಮ ಹುಡುಗಿಯ ಕೈ ಹಿಡಿದು ಒಳಗೆ ಕರೆದಳು. ಬಿಸಿ ಹಾಲು ಕೊಟ್ಟಳು. ಕಪಾಟು ಹಾರುಹೊಡೆದು, ಬೇಕಾದ್ದು ತಗೋ ಎಂದಳು. ಆದರೆ ಅಧ್ಯಾಯ ಮುಗಿಯುವಾಗ ಹುಡುಗಿ ಕಿಟಕಿಯ ಬಳಿ ಕೂತು ಅಳುತ್ತಾಳೆ, ಅದನ್ನು ಬದಲಿಸುವುದು ಅವಳಿಗೆ ಹೊಳೆಯಲಿಲ್ಲ.

ಪಾರಸ್ಕಾ ಕತ್ತರಿ ಕೆಳಗಿಟ್ಟಳು. "ಹಾಲು ಕೊಟ್ಟರು, ಬ್ರೆಡ್ಡು ಕೊಟ್ಟರು. ಮತ್ತೆ ಯಾಕೆ ಅಳ್ತಾಳೆ ಇವಳು?"

ಉಲ್ಯಾನಾಳ ಕಿವಿ ಕಾದ ಹೆಂಚಿನಂತಾಯಿತು.

"ಇದ್ದಿದ್ದು ಇದ್ದ ಹಾಗೆ ಓದು ಮಗೂ. ನಾನು ಹೆಣ್ಣುಮಕ್ಕಳ ಡುಬ್ಬು, ಗೂನು ಎಲ್ಲ ಅಳೆದವಳು. ಹೆದರಲ್ಲ."

ಮೊದಲಿನಿಂದ ಓದಿದಳು. ಬೀಗ, ಸೊಂಟದ ಬೀಗದ ಕೈ, ಆರಿಸಿದ ದೀಪ, ಮಾತಿಲ್ಲದ ಬಿಗಿದ ತುಟಿ. ಎಲ್ಲಿಯೂ ನಿಲ್ಲಿಸಲಿಲ್ಲ. ದೊಡ್ಡಮ್ಮ ಕೆನ್ನೆಗೆ ಕೈಯಿಟ್ಟು ಕೇಳಿದಳು, ನಡುವೆ ಒಮ್ಮೆ ಕಣ್ಣೊರೆಸಿಕೊಂಡಳು. "ಥೂ, ಎಂಥ ಹೆಂಗಸು!" ಎಂದು ಬೈದಳು. ಅಧ್ಯಾಯ ಮುಗಿಯಿತು.

"ನಾನು ನಿನಗೆ ಹೀಗೇ ಕಾಣ್ತಿದ್ದೆನಾ?"

ಇಲ್ಲ ಎನ್ನಬೇಕೆಂದು ಉಲ್ಯಾನಾ ಬಾಯಿ ತೆರೆದಳು. ಅಷ್ಟು ಸುಳ್ಳಿನ ಮೇಲೆ ಇನ್ನೊಂದು ಬರಲಿಲ್ಲ. "ಹೂಂ," ಎಂದಳು.

ಪಾರಸ್ಕಾ ಅವತ್ತಿನ ಪೇಪರಿನ ಹಾಳೆ ಮೇಜಿನ ಮೇಲೆ ಹರಡಿ ಅಂಗೈಯಿಂದ ಸವರಿದಳು. "ಎದ್ದು ನಿಲ್ಲು," ಎಂದಳು. "ಬೆನ್ನು ನೆಟ್ಟಗೆ. ನಿಮ್ಮಮ್ಮನ ಎಡ ಹೆಗಲು ಒಂಚೂರು ಇಳಿದಿತ್ತು, ನಿಂದೂ ಹಾಗೇ ಇದೆ. ನಿನ್ನ ನೋಡ್ಕೊಂಡು ಅವಳದನ್ನ ಕತ್ತರಿಸ್ತೀನಿ. ಆದಷ್ಟು ಆಗಲಿ." ಮೆತ್ತೆಯಿಂದ ಸೂಜಿಗಳನ್ನು ತೆಗೆದು ಮತ್ತೆ ಬಾಯಿಗಿಟ್ಟುಕೊಂಡಳು. ಉಲ್ಯಾನಾ ನಿಂತಳು. ಹೆಗಲ ಮೇಲೆ ಪೇಪರು ಸರಸರ ಎನ್ನುತ್ತಿತ್ತು. ತೋಳಿನ ಉದ್ದಕ್ಕೂ ದೊಡ್ಡಮ್ಮನ ಒರಟು ಬೆರಳು ಹಾದುಹೋದವು. ತಲೆಯೆತ್ತಲು ಅವಳಿಗಾಗಲಿಲ್ಲ.

ಆ ತೋಳು ಸರಿಯಾಗಲಿಲ್ಲ. ಒಂದು ಉದ್ದ, ಒಂದು ಗಿಡ್ಡ. ಶಾಲೆ ಮುಗಿಸುವ ದಿನದ ಉಡುಪು ಹಾಗೇ ಹೊಲಿದದ್ದಾಯಿತು, ಉಲ್ಯಾನಾ ಅದನ್ನು ತಿದ್ದಲು ಬಿಡಲಿಲ್ಲ. ಪುಸ್ತಕವನ್ನು ಇಬ್ಬರೂ ಸೇರಿ ಓದಿ ಮುಗಿಸಿದರು. ಒಂಬತ್ತಕ್ಕೆ ದೀಪ ಆರುವುದು ಮಾತ್ರ ತಪ್ಪಲಿಲ್ಲ.

ಮುಂದೆ ಗ್ರಂಥಾಲಯದ ಮೇಜಿನ ಹಿಂದೆ ಕೂತ ಉಲ್ಯಾನಾ ಆ ಪುಸ್ತಕಗಳನ್ನು ಯಾರಿಗೂ ಇಲ್ಲವೆನ್ನಲಿಲ್ಲ. ತಾನು ಪ್ರೀತಿಸಿದಷ್ಟೇ ಅವರೂ ಪ್ರೀತಿಸಲಿ ಎಂದೇ ಕೊಟ್ಟಳು. ಓದಿ ಹಿಂದಿರುಗಿಸುವಾಗ ಹುಡುಗಿಯರು ಕಣ್ಣು ಕೆಂಪು ಮಾಡಿಕೊಂಡು ಬರುತ್ತಿದ್ದರು. "ಅಬ್ಬಾ, ಆ ದೊಡ್ಡಮ್ಮ! ಬಾಯಿ ಬಿಟ್ಟು ಒಂದು ಒಳ್ಳೆ ಮಾತಾಡಲ್ಲ ನೋಡಿ!" ಎನ್ನುತ್ತಿದ್ದರು. ಉಲ್ಯಾನಾ ತಲೆ ತಗ್ಗಿಸಿ ಮುದ್ರೆ ಒತ್ತುತ್ತ ಕೇಳುತ್ತಿದ್ದಳು.

"ಅವಳ ಬಾಯಲ್ಲಿ ಏನಿತ್ತು ಅಂತ ನೋಡಿದ್ದೀಯಾ?"

ಹುಡುಗಿಯರಿಗೆ ಅರ್ಥವಾಗುತ್ತಿರಲಿಲ್ಲ. ನಕ್ಕು ಹೋಗುತ್ತಿದ್ದರು. ಅವಳ ಕಿವಿ ಕೆಂಪಾಗಿರುತ್ತಿತ್ತು.