ಹೊಸ ಟೇಬಲ್ಲಿನ ಘಾಟು

ಬ್ರೂಸ್‌ಪೇಟೆಯ ನಮ್ಮ ಆಫೀಸಿಗೆ ಹೊಸ ಟೇಬಲ್ಲು, ಕಪಾಟು, ಕಾರ್ಪೆಟ್ಟು ಬಂದ ವಾರವೇ ನನಗೆ ಕಣ್ಣುರಿ ಶುರುವಾಯಿತು. ದಿನವೂ ಕುರುಗೋಡಿನಿಂದ ಬರುವ ನನ್ನ ಬಸ್ಸಿನ ಹೊಗೆಯೇ ಈ ಘಾಟಿಗಿಂತ ವಾಸಿ ಎನಿಸುತ್ತಿತ್ತು. ನಾವೆಲ್ಲ ಗೊಣಗಿದೆವು. ನಮ್ಮ ಬಾಯಿ ಮುಚ್ಚಿಸಲು ಮ್ಯಾನೇಜರು ಗಾಳಿ ಪರೀಕ್ಷಿಸುವವರನ್ನು ಕರೆಸಿದರು. ಹೊಸ ಟೇಬಲ್ಲಿನ ಪಾರ್ಟಿಕಲ್ ಬೋರ್ಡು, ಅಂದರೆ ಮರದ ಪುಡಿ ಒತ್ತಿ ಮಾಡಿದ ಹಲಗೆ, ಅದರ ಅಂಟಿನಿಂದ ಏಳುವ ರಾಸಾಯನಿಕವನ್ನು ಅಳೆಯಬೇಕಾದರೆ ಹಿಂದಿನ ರಾತ್ರಿಯಿಂದ ಕಿಟಕಿ ತೆರೆಯಬಾರದು ಎಂದು ಅವರು ಫೋನಿನಲ್ಲೇ ಹೇಳಿದ್ದರು.

ನಮ್ಮ ಮ್ಯಾನೇಜರಿಗೆ ಅದು ಸರಿಬರಲಿಲ್ಲ. "ಬಂದೋರನ್ನ ಇಂಥ ನಾತದಾಗ ಕುಂದ್ರಸ್ತಾರೇನ್ರಿ? ಕಿಟಕಿ ತೆಗೀರಿ" ಎಂದರು. ಹೆಣ್ಣು ನೋಡಲು ಗಂಡಿನವರು ಬರುತ್ತಾರೆಂಬಂತೆ ನೆಲ ಒರೆಸಲಾಯಿತು. ಬೆಳಗಿನಿಂದ ಫ್ಯಾನುಗಳು ತಿರುಗಿದವು. ಎಂದೂ ತೆರೆಯದ ಕಿಟಕಿಗಳು ಅಂದು ತೆರೆದವು. ಹೊರಗೆ ಜೀಪಿನ ಸದ್ದು ಕೇಳಿದ ಕೂಡಲೇ ಎಲ್ಲವನ್ನೂ ಮುಚ್ಚಿಸಿದ ಮ್ಯಾನೇಜರು, "ರಾತ್ರಿಯಿಂದ ಮುಚ್ಚೇ ಅದಾವ್ರಿ" ಎಂದು ಅತಿಥಿಗೆ ಕೈಮುಗಿದರು. ಯಂತ್ರ ಪಾಪ, ತನಗೆ ಬಡಿಸಿದ ಗಾಳಿಯನ್ನೇ ಅಳೆಯಿತು. ಗಾಳಿ ಚೆನ್ನಾಗಿದೆ ಎಂದು ವರದಿ ಬಂತು.

ಧೂಳಿನ ನೆಪದಲ್ಲಿ ಕಿಟಕಿಗಳು ಮತ್ತೆ ಮುಚ್ಚಿಕೊಂಡವು. ನಾನು ಕಣ್ಣೊರೆಸಿಕೊಳ್ಳುತ್ತ ಮ್ಯಾನೇಜರನ್ನು ಹುಡುಕಿಕೊಂಡು ಹೋದೆ.

"ರಿಪೋರ್ಟಿನಾಗ ಏನೂ ಇಲ್ಲಲ್ರಿ. ನೀವು ಕಣ್ಣಿನ ಡಾಕ್ಟ್ರಿಗೆ ತೋರಿಸ್ಕೊಳ್ರಿ" ಎಂದರು.

ಹೇಳಿದ್ದು ಹೊರಗಿನ ವರಾಂಡದಲ್ಲಿ ಕೂತು. ತಮ್ಮ ಹಳೆಯ ತೇಗದ ಕುರ್ಚಿಯನ್ನು ಅವರು ವರದಿ ಬರುವ ಮೊದಲೇ ಅಲ್ಲಿಗೆ ಹಾಕಿಸಿಕೊಂಡಿದ್ದರು.