ಖಾಲಿ ಕಾಲಿನ ಕಡೆಯ ಇಂಜಿನ್

ಇದನ್ನು ಬರೆಯಲು ಕುಳಿತು ಎದ್ದದ್ದು ಎಷ್ಟು ಸಲವೋ. ಮೊಣಕಾಲು ನೋವು, ಕನ್ನಡಕದ ನಂಬರು, ನೆಪಗಳಿಗೆ ಕೊರತೆ ಇರಲಿಲ್ಲ.

ನಾನು ಇಳಕಲ್ಲಿನವನು. ಮೆಟ್ರಿಕ್ ಮುಗಿಸಿ ವಾಯುಪಡೆ ಸೇರಿ ಇಂಜಿನ್ ಕೆಲಸ ಕಲಿತೆ. ನಿವೃತ್ತನಾದ ಮೇಲೆ ಮೋಡ ಬಿತ್ತನೆಯ ಸಣ್ಣ ವಿಮಾನವೊಂದಕ್ಕೆ ಮೆಕ್ಯಾನಿಕ್ ಆದೆ. ಅದಕ್ಕೆ ಎರಡು ಇಂಜಿನ್, ರೆಕ್ಕೆಗೊಂದು. ಪೈಲಟ್ ಬಾದಾಮಿಯವನು, ನನಗಿಂತ ಬಹಳ ಚಿಕ್ಕವನು. ನಮ್ಮ ಕಡೆಯವನೆಂದು ಮೊದಲ ದಿನವೇ ನನ್ನನ್ನು ಕಾಕಾ ಎಂದ.

ಹಾರುವಾಗ ಒಂದು ಇಂಜಿನ್ ನಿಂತರೆ ವಿಮಾನ ಅದರ ಕಡೆಗೇ ಮೂತಿ ತಿರುಗಿಸುತ್ತದೆ. ನೇರ ಮಾಡಲು ಪೈಲಟ್ ಇನ್ನೊಂದು ಕಡೆಯ ಪೆಡಲನ್ನು ಕಾಲಿನಿಂದ ಒತ್ತಿ ಹಿಡಿಯಬೇಕು. ಕೆಲಸವಿಲ್ಲದೆ ಖಾಲಿ ಉಳಿದ ಕಾಲು ಯಾವುದೋ, ಸತ್ತ ಇಂಜಿನ್ ಆ ಕಡೆಯದು. ಅವನು ಇದನ್ನು ವಿವರಿಸಿದಾಗ ನಾನು ನಕ್ಕಿದ್ದೆ.

"ನಮ್ಮಪ್ಪ ಕುಣಿ ಮಗ್ಗದಾಗ ಕುಂತು ಸೀರಿ ನೇಯುವಾಗ ಇದನ್ನ ಹೇಳ್ತಿದ್ದ ತಮ್ಮಾ. ತುಳಿಯೋ ಹಲಗಿ ಹಗ್ಗ ಹರಿದದ್ದು ಕಣ್ಣಿಗಿಂತ ಮೊದಲ ಕಾಲಿಗೆ ತಿಳೀತದ ಅಂತ."

"ಹಂಗಾರ ನಿಮ್ಮಪ್ಪಗ ಲೈಸನ್ಸ್ ಕೊಡಬೇಕಿತ್ತು ಬಿಡ್ರಿ ಕಾಕಾ."

ಆ ದಿನ ಬೆಳಿಗ್ಗೆ ನಾನು ಆಯಿಲ್ ಒತ್ತಡ ತೋರಿಸುವ ಎರಡು ಮೀಟರುಗಳನ್ನು ಬಿಚ್ಚಿ ಕೂಡಿಸಿದ್ದೆ. ಅವಸರದಲ್ಲಿ ಅವುಗಳ ಕೊಳವೆಗಳು ಅದಲು ಬದಲಾದವು. ನೆಲದ ಮೇಲೆ ಎರಡೂ ಇಂಜಿನ್ ಓಡುವಾಗ ಎರಡೂ ಮುಳ್ಳು ಸಮನಾಗಿ ನಿಂತವು, ತಪ್ಪು ಕಾಣಲಿಲ್ಲ. ನಾನೂ ಅವನ ಪಕ್ಕದಲ್ಲಿ ಕುಳಿತು ಹೊರಟೆ.

ಹುನಗುಂದದ ಹೊಲಗಳ ಮೇಲೆ, ಮೋಡದ ಕೆಳಗೆ ಇದ್ದಾಗ ಮೂತಿ ಬಲಕ್ಕೆ ಎಳೆಯಿತು.

"ಬಲಗಾಲು ಖಾಲಿ ಅದ ಕಾಕಾ. ಬಲಗಡಿದು ಹೋತು."

ಎಡ ಮೀಟರಿನ ಮುಳ್ಳು ಬಿದ್ದಿತ್ತು. "ಎಡಗಡಿದು ಲೇ! ಮೀಟರ್ ನೋಡು!" ಎಂದು ಕೂಗಿದೆ.

"ಖರೇನಾ?"

"ನಿನ್ನ ವಯಸ್ಸಿನಷ್ಟು ವರ್ಷ ಇದನ್ನ ಮಾಡೇನಿ ನಾ."

ಬಂದ್ ಮಾಡುವ ಮೊದಲು ಆ ಇಂಜಿನ್ನಿನ ವೇಗದ ಲಿವರ್ ಹಿಂದಕ್ಕೆ ಎಳೆದು ನೋಡುವುದು ಅವನ ರೂಢಿ. ಸತ್ತ ಇಂಜಿನ್ ಆದರೆ ಏನೂ ಬದಲಾಗುವುದಿಲ್ಲ. ಆ ದಿನ ಹಾಗೆ ನೋಡದೆ, ಹಿರಿಯನ ಮಾತಿಗೆ ಎದುರಾಡದೆ ಎಡದ್ದನ್ನು ಬಂದ್ ಮಾಡಿದ. ಆಮೇಲೆ ಗಾಳಿಯ ಸದ್ದೊಂದೇ ಉಳಿಯಿತು.

ಎರೆಹೊಲದಲ್ಲಿ ಇಳಿಸಿದ. ನನಗೆ ತರಚು ಗಾಯ, ಅವನ ಬೆನ್ನುಮೂಳೆಗೆ ಪೆಟ್ಟು. ಜನ ಅವನನ್ನು ದವಾಖಾನೆಗೆ ಎತ್ತಿಕೊಂಡು ಹೋದ ಮೇಲೆ ನಾನು ನಟ್ಟು ಬಿಚ್ಚುವ ಪಾನಾ ಹಿಡಿದು ಮುರಿದ ವಿಮಾನದೊಳಗೆ ತೂರಿ, ಕೊಳವೆಗಳನ್ನು ಸರಿಯಾಗಿ ಕೂಡಿಸಿದೆ.

ವಿಚಾರಣೆಯಲ್ಲಿ ಮೀಟರುಗಳು ಸರಿಯಿದ್ದವು ಎಂದೆ. ಕಾಕಾನ ಮಾತು ಕೇಳಿ ಬಂದ್ ಮಾಡಿದೆ ಎಂದು ಅವನು ಒಮ್ಮೆಯೂ ಹೇಳಲಿಲ್ಲ. ಪೈಲಟನದೇ ತಪ್ಪು ಎಂದು ಬರೆದರು. ಅವನು ಮತ್ತೆ ಹಾರಲಿಲ್ಲ.

ಕಳೆದ ವರ್ಷ ಕೂಡಲಸಂಗಮದಲ್ಲಿ ಕೋಲೂರಿಕೊಂಡು ಎದುರಾದ. ನನ್ನ ಕಾಲು ಮುಟ್ಟಲು ಹೋದ, ಬೆನ್ನು ಬಗ್ಗಲಿಲ್ಲ.

"ಒಂದು ಕೇಳ್ತೇನಿ ಕಾಕಾ. ಎಡಗಡಿ ಮುಳ್ಳು ಬಿದ್ದಿತ್ತಲ್ರಿ? ನಾ ನೋಡಿದ್ದು ಖರೆ ಹೌದೋ ಅಲ್ಲೋ?"

"ಗಾಬರಿಯಾಗ ಹಂಗ ಕಾಣ್ತದ ತಮ್ಮಾ" ಎಂದೆ.

ಅವನು ತಲೆಯಾಡಿಸಿ ಹೊಳೆಯ ಕಡೆ ನೋಡುತ್ತ ನಿಂತ.

ಅವನು ನೋಡಿದ್ದು ಖರೆ. ಅವನ ಕಾಲು ಹೇಳಿದ್ದೂ ಖರೆ. ದೇವರ ಮುಂದೆ ಎಷ್ಟೋ ಸಲ ತಪ್ಪಾಯಿತು ಎಂದಿದ್ದೇನೆ. ಕ್ಷಮೆ ಕೇಳದೆ ಉಳಿದದ್ದು ಒಬ್ಬನನ್ನೇ, ನನ್ನನ್ನು ಕಾಕಾ ಎಂದು ನಂಬಿದ ಬಾದಾಮಿಯ ಆ ಪೈಲಟನನ್ನು.